ಅರಿಸಿನದ ಕ್ಯಾಪ್ಸೂಲೋ, ಗ್ರೀನ್ ಟೀಯೋ, ಜೋಳದ ರೊಟ್ಟಿಯೋ: ದೊಡ್ಡಕರುಳಿನ ಕ್ಯಾನ್ಸರಿಗೆ ಸಸ್ಯದ ಅಂಶಗಳನ್ನು ಅಳೆಯುವುದು ಹೇಗೆ

ದೊಡ್ಡಕರುಳಿನ ಕ್ಯಾನ್ಸರ್ ಎಂದು ರಿಪೋರ್ಟ್ ಬಂದ ಮನೆಗೆ ವಾರದೊಳಗೆ ನಾಲ್ಕೂ ದಿಕ್ಕಿನಿಂದ ಸಲಹೆಗಳು ಬಂದು ಬೀಳುತ್ತವೆ. ಒಬ್ಬರು ಅರಿಸಿನದ ಕ್ಯಾಪ್ಸೂಲ್ ತಂದುಕೊಡುತ್ತಾರೆ. ಇನ್ನೊಬ್ಬರು ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ ಅನ್ನುತ್ತಾರೆ. ಮೊಬೈಲಿಗೆ ಬಂದ ವಿಡಿಯೋ ಗ್ರೀನ್ ಟೀ ಕುಡಿಯಲು ಹೇಳುತ್ತದೆ. ಎಲ್ಲರೂ ಕೊಡುವ ಕಾರಣ ಒಂದೇ: “ಇದು ಕ್ಯಾನ್ಸರ್ ಕೋಶ ಸಾಯಿಸುತ್ತದೆ ಅಂತ ಲ್ಯಾಬಿನಲ್ಲಿ ತೋರಿಸಿದ್ದಾರೆ.” ಲ್ಯಾಬಿನಲ್ಲಿ ತೋರಿಸಿರುವುದು ನಿಜ. ಲ್ಯಾಬಿನ ತಟ್ಟೆಯಲ್ಲಿ ಕೋಶ ಸಾಯಲು ಬೇಕಾದ ಪ್ರಮಾಣ ಮನುಷ್ಯನ ಕರುಳಿನ ಗೋಡೆಗೆ ಮುಟ್ಟುತ್ತದೆಯೇ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಯ್ಕೆ ಮಾಡಬೇಕಾದದ್ದು ಆ ಪ್ರಶ್ನೆಯಿಂದ.

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಅಡುಗೆಮನೆಯನ್ನು ಕಣ್ಣಮುಂದೆ ಇಟ್ಟುಕೊಂಡು ಈ ಹೋಲಿಕೆ ಮಾಡಿದ್ದೇವೆ. ಮನೆತನದಲ್ಲಿ ಈ ಕಾಯಿಲೆ ಇದ್ದು ಹೆದರಿದವರು, ಪಾಲಿಪ್ ಅಂದರೆ ಕರುಳಿನೊಳಗಿನ ಗಂಟು ತೆಗೆಸಿಕೊಂಡವರು, ಕೀಮೋ ನಡೆಯುತ್ತಿರುವವರು, ಚಿಕಿತ್ಸೆ ಮುಗಿಸಿದವರು: ಇವರ ಅಗತ್ಯ ಒಂದೇ ಅಲ್ಲ. ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ಅಪಾಯವಾಗಬಹುದು.

ಕೋಶ ಸಾಯುವ ಬಗೆ

ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಆಯುಷ್ಯ ನಾಲ್ಕೈದು ದಿನ. ಅವಧಿ ಮುಗಿದ ಕೋಶ ಒಡೆದು ಚೆಲ್ಲುವುದಿಲ್ಲ, ತನ್ನನ್ನು ತಾನೇ ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತದೆ. 1972ರಲ್ಲಿ ವಿಜ್ಞಾನಿಗಳು ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಮರದಿಂದ ಎಲೆ ಉದುರುವುದಕ್ಕೆ ಇರುವ ಮಾತು. ಕೋಶದ ಡಿಎನ್ಎ ಕೆಟ್ಟಾಗ ಪಿ53 ಎಂಬ ಪ್ರೋಟೀನ್ ಎಚ್ಚರಗೊಳ್ಳುತ್ತದೆ, ಬ್ಯಾಕ್ಸ್ ಎಂಬ ಇನ್ನೊಂದು ಪ್ರೋಟೀನ್ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಗೋಡೆಗೆ ತೂತು ಮಾಡುತ್ತದೆ, ಅಲ್ಲಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬೀಳುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಂದರ ಹಿಂದೆ ಒಂದು ಚುರುಕಾಗಿ ಕೋಶವನ್ನು ತುಂಡು ಮಾಡುತ್ತವೆ. ಕೋಶದ ಹೊರಮೈಯಲ್ಲಿರುವ ಗ್ರಾಹಕಗಳ ಮೂಲಕವೂ ಇದೇ ಕ್ಯಾಸ್ಪೇಸುಗಳನ್ನು ಎಬ್ಬಿಸುವ ಇನ್ನೊಂದು ದಾರಿಯಿದೆ.

ಕ್ಯಾನ್ಸರ್ ಕೋಶ ಈ ವ್ಯವಸ್ಥೆಯನ್ನು ಕೆಡಿಸಿಕೊಂಡೇ ಬೆಳೆದಿರುತ್ತದೆ. ದೊಡ್ಡಕರುಳಿನ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ಲ್ಯಾಬಿನಲ್ಲಿ ಬಳಸುವ ಕೋಶಗಳಲ್ಲೂ ಈ ವ್ಯತ್ಯಾಸ ಇದೆ: ಎಚ್‌ಸಿಟಿ116 ಎಂಬ ಬಗೆಯಲ್ಲಿ ಪಿ53 ಸರಿಯಾಗಿದೆ, ಎಚ್‌ಟಿ29ರಲ್ಲಿ ಕೆಟ್ಟಿದೆ. ಹಾಗಾಗಿ ಪಿ53ರ ದಾರಿ ಹಿಡಿದು ಕೊಲ್ಲುವ ಅಂಶ ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲಬಹುದು. “ಕರುಳಿನ ಕ್ಯಾನ್ಸರ್ ಕೋಶ ಸತ್ತವು” ಎಂದು ಓದಿದಾಗ ಯಾವ ಕೋಶ, ಎಷ್ಟು ಪ್ರಮಾಣಕ್ಕೆ ಎಂದು ನೋಡಿ.

ಯಾವ ಅಳತೆಗೋಲು

ನಾವು ನಾಲ್ಕು ವಿಷಯ ನೋಡುತ್ತೇವೆ. ಮೊದಲನೆಯದು ಮತ್ತು ದೊಡ್ಡದು, ತಟ್ಟೆಯಲ್ಲಿ ಕೆಲಸ ಮಾಡಿದ ಸಾಂದ್ರತೆ ತಿಂದಾಗ ಕರುಳಿಗೆ ಸಿಗುತ್ತದೆಯೇ. ಎರಡನೆಯದು, ಮನುಷ್ಯರಲ್ಲಿ ನೋಡಿದ್ದಾರೆಯೇ, ನೋಡಿದ್ದರೆ ಏನನ್ನು ಎಣಿಸಿದ್ದಾರೆ: ರಕ್ತದ ಯಾವುದೋ ಅಂಶವನ್ನೋ, ಗಂಟುಗಳನ್ನೋ, ಕ್ಯಾನ್ಸರನ್ನೇ ಎಣಿಸಿದರೋ. ಮೂರನೆಯದು, ಕೀಮೋ ಔಷಧ, ಯಕೃತ್ತು, ರಕ್ತಸ್ರಾವದ ಜೊತೆ ಜಗಳ ಇದೆಯೇ. ಕೊನೆಗೆ ಖರ್ಚು. ತಿಂಗಳಿಗೆ ಸಾವಿರಾರು ರೂಪಾಯಿ ಕ್ಯಾಪ್ಸೂಲಿಗೆ ಹೋಗಿ, ಬೆಂಗಳೂರಿಗೆ ತಪಾಸಣೆಗೆ ಹೋಗಲು ದುಡ್ಡಿಲ್ಲ ಎಂದಾದರೆ ಆ ಕ್ಯಾಪ್ಸೂಲ್ ನಷ್ಟದ ಬಾಬತ್ತು.

ಅರಿಸಿನ

ಅರಿಸಿನದ ಕರ್ಕ್ಯುಮಿನ್ ಬಗ್ಗೆ ಆಗಿರುವಷ್ಟು ಅಧ್ಯಯನ ಬೇರೆ ಸಸ್ಯದ ಅಂಶಗಳ ಬಗ್ಗೆ ಅಪರೂಪ. ತಟ್ಟೆಯಲ್ಲಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ಅಂಶ ಎಷ್ಟು ಬೆರೆತಿದೆ ಎಂಬುದರ ಅಳತೆ) ಪ್ರಮಾಣಕ್ಕೆ ಕರುಳಿನ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಮನುಷ್ಯರಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿಸಿದರೂ ರಕ್ತದಲ್ಲಿ ಸಿಕ್ಕಿದ್ದು ಸುಮಾರು 2 ಮೈಕ್ರೋಮೋಲಾರಿನ ಒಳಗೆ. ನುಂಗಿದ್ದರಲ್ಲಿ ಬಹುಪಾಲು ಹೀರಿಕೆಯಾಗದೆ ಕರುಳಿನಲ್ಲೇ ಸಾಗಿ ಹೋಗುತ್ತದೆ. ಬೇರೆ ಅಂಗದ ಕ್ಯಾನ್ಸರಿಗೆ ಇದು ನಷ್ಟ, ದೊಡ್ಡಕರುಳಿಗೆ ಸ್ವಲ್ಪ ಲಾಭ. ದಿನಕ್ಕೆ 3.6 ಗ್ರಾಂ ತೆಗೆದುಕೊಂಡ ರೋಗಿಗಳ ಕರುಳಿನ ಪದರದಲ್ಲಿ ಕರ್ಕ್ಯುಮಿನ್ ಕಾಣಿಸಿದೆ.

ಹಾಗಾದರೆ ಗಂಟು ಕಡಿಮೆಯಾಯಿತೇ? ವಂಶಪಾರಂಪರ್ಯವಾಗಿ ನೂರಾರು ಪಾಲಿಪ್ ಬರುವ ಕಾಯಿಲೆಯ ಐದೇ ಐದು ರೋಗಿಗಳಿಗೆ ಕರ್ಕ್ಯುಮಿನ್ ಮತ್ತು ಕ್ವೆರ್ಸಿಟಿನ್ ಎಂಬ ಇನ್ನೊಂದು ಸಸ್ಯದ ಅಂಶ ಕೂಡಿಸಿ ಕೊಟ್ಟಾಗ ಗಂಟುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು ಎಂಬ ವರದಿ 2006ರಲ್ಲಿ ಬಂತು. ಕ್ಯಾಪ್ಸೂಲ್ ಮಾರುವವರು ಇಂದಿಗೂ ತೋರಿಸುವುದು ಇಂಥ ವರದಿಗಳನ್ನೇ. 2018ರಲ್ಲಿ ಅದೇ ಕಾಯಿಲೆಯ 44 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು ಒಂದು ವರ್ಷ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ನಮ್ಮ ತೂಕ ಎರಡನೆಯದರ ಕಡೆಗೆ.

ಅಡುಗೆಯ ಅರಿಸಿನದ ಲೆಕ್ಕ ಇನ್ನೂ ಸ್ಪಷ್ಟ. ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು. ಒಂದು ಟೀ ಚಮಚ ಪುಡಿಯಲ್ಲಿ 90 ಮಿಲಿಗ್ರಾಂ. ಪ್ರಯೋಗದ 3 ಗ್ರಾಂ ಸಿಗಬೇಕೆಂದರೆ ದಿನಕ್ಕೆ 100 ಗ್ರಾಂ ಅರಿಸಿನ ಪುಡಿ ತಿನ್ನಬೇಕು. ಸಾರಿನ ಅರಿಸಿನ ಸಾರಿಗೆ ಬೇಕು, ಅದನ್ನು ಔಷಧದ ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲಿ ಕರಿಮೆಣಸಿನ ಮಾತು ಬರುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ಹೀರಿಕೆ 20 ಪಟ್ಟು ಏರುತ್ತದೆ ಎಂದು ತೋರಿಸಿದರು. ಪೈಪರಿನ್ ಇದನ್ನು ಮಾಡುವುದು ಯಕೃತ್ತು ಮತ್ತು ಕರುಳಿನ ಔಷಧ ಕರಗಿಸುವ ಕಿಣ್ವಗಳನ್ನು ತಡೆಹಿಡಿದು. ಆ ಕಿಣ್ವಗಳು ಕರ್ಕ್ಯುಮಿನ್ ಒಂದನ್ನೇ ಅಲ್ಲ, ಕೀಮೋ, ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆಗಳನ್ನೂ ಕರಗಿಸುತ್ತವೆ. ಅವುಗಳ ಮಟ್ಟವೂ ಏರುಪೇರಾಗಬಹುದು. ಪೈಪರಿನ್ ಬೆರೆಸಿದ ಅರಿಸಿನ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಹೀರಿಕೆ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಜಾಹೀರಾತನ್ನು ನಂಬಿ ದುಬಾರಿ ಡಬ್ಬಿ ಕೊಳ್ಳುವವರು ಇದನ್ನು ತಿಳಿದಿರಬೇಕು. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರಿಗೆ ಅರಿಸಿನದ ಆಕ್ಸಲೇಟ್ ಇನ್ನೊಂದು ತೊಂದರೆ. ಬೇಸಿಗೆಯಲ್ಲಿ ಬೆವರಿ ಮೂತ್ರ ಗಟ್ಟಿಯಾಗುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಅಡುಗೆಗೆ ಕೊಳ್ಳುವಾಗ ಇಡಿ ಅರಿಸಿನ ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸಿ. ಒಂದು ಕೊಂಬನ್ನು ನೀರಿಗೆ ಹಾಕಿ ನೋಡಿ. ಕೂಡಲೇ ದಟ್ಟ ಹಳದಿ ಬಿಟ್ಟರೆ ಮೇಲೆ ಬಣ್ಣ ಲೇಪಿಸಿದ್ದಾರೆ, ಅದರಲ್ಲಿ ಸೀಸ ಇರುವ ಸಾಧ್ಯತೆಯಿದೆ.

ಗ್ರೀನ್ ಟೀ

ಇದರ ಇಜಿಸಿಜಿ ಎಂಬ ಅಂಶ ಒಂದು ಕಪ್ಪಿನಲ್ಲಿ 50ರಿಂದ 100 ಮಿಲಿಗ್ರಾಂ ಇರುತ್ತದೆ. ಜಪಾನಿನಲ್ಲಿ 2008ರಲ್ಲಿ ಬಂದ ಸಣ್ಣ ಪ್ರಯೋಗದಲ್ಲಿ, ಪಾಲಿಪ್ ತೆಗೆಸಿಕೊಂಡವರು ಒಂದು ವರ್ಷ ಗ್ರೀನ್ ಟೀ ಸಾರದ ಮಾತ್ರೆ ತೆಗೆದುಕೊಂಡಾಗ ಗಂಟು ಮರಳಿದ್ದು ಶೇಕಡಾ 15 ಜನರಲ್ಲಿ, ತೆಗೆದುಕೊಳ್ಳದವರಲ್ಲಿ ಶೇಕಡಾ 31. ಆಸೆ ಹುಟ್ಟಿಸುವ ಅಂಕಿ. ಆಮೇಲೆ ಜರ್ಮನಿಯಲ್ಲಿ ಸುಮಾರು ಸಾವಿರ ಜನರನ್ನು ಸೇರಿಸಿಕೊಂಡು ಮೂರು ವರ್ಷ ನಡೆಸಿದ ಪ್ರಯೋಗದಲ್ಲಿ ಆ ಲಾಭ ಖಚಿತವಾಗಿ ಕಾಣಲಿಲ್ಲ. ದಿನಕ್ಕೆ 800 ಮಿಲಿಗ್ರಾಂ ದಾಟಿದ ಇಜಿಸಿಜಿ ಮಾತ್ರೆಗಳು ಯಕೃತ್ತಿನ ಕಿಣ್ವ ಏರಿಸುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಎರಡು ಕಪ್ಪು ಕುಡಿಯುವವರು ಕುಡಿಯಲಿ, ಊಟದ ಜೊತೆ ಮಾತ್ರ ಬೇಡ. ಅದು ಆಹಾರದ ಕಬ್ಬಿಣವನ್ನು ಹಿಡಿದಿಡುತ್ತದೆ, ಕರುಳಿನಿಂದ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದವರಿಗೆ ಅದೇ ಕೊರತೆ.

ಬಳ್ಳೊಳ್ಳಿ, ಕೋಸು, ದಾಳಿಂಬೆ

ಈ ಮೂರಕ್ಕೂ ಔಷಧದ ಪಟ್ಟ ಕಟ್ಟುವಷ್ಟು ಪುರಾವೆ ಇಲ್ಲ. ತಿನ್ನುವ ರೀತಿ ತಿಳಿದರೆ ಮಾತ್ರ ಅವುಗಳಲ್ಲಿರುವುದು ಸಿಗುತ್ತದೆ.

ಬಳ್ಳೊಳ್ಳಿಯಲ್ಲಿ ಕೆಲಸ ಮಾಡುವ ಗಂಧಕದ ಅಂಶಗಳು ಇಡಿ ಎಸಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ, ಜಜ್ಜಿದಾಗ ಕಿಣ್ವ ಸೇರಿ ಹುಟ್ಟುತ್ತವೆ. ಜಜ್ಜಿದ ಕೂಡಲೇ ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಸಾಯುತ್ತದೆ. ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿ. ಕೋಸಿನ ಜಾತಿಯದೂ ಇದೇ ಕತೆ. ಹಸಿರು ಹೂಕೋಸಿನಂತಿರುವ ಬ್ರೊಕೊಲಿಯ ಸಲ್ಫೋರಫೇನ್ ಎಂಬ ಅಂಶ ಹುಟ್ಟಲು ಬೇಕಾದ ಕಿಣ್ವ ಬೇಯಿಸಿದಾಗ ಹಾಳಾಗುತ್ತದೆ. ಬೇಯಿಸಿದ ಮೇಲೆ ಒಂದು ಗ್ರಾಂ ಹಸಿ ಸಾಸಿವೆ ಪುಡಿ ಉದುರಿಸಿದರೆ ಆ ಕಿಣ್ವ ಸಾಸಿವೆಯಿಂದ ಸಿಗುತ್ತದೆ. ಹಾಗೆ ತಿಂದವರಲ್ಲಿ ಸಲ್ಫೋರಫೇನ್ ನಾಲ್ಕು ಪಟ್ಟು ಹೆಚ್ಚು ದಕ್ಕಿದ್ದನ್ನು ಅಳೆದಿದ್ದಾರೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಈ ಗುಣ ಉಳಿದಿರುವುದಿಲ್ಲ. ರೊಟ್ಟಿಯ ಜೊತೆ ಹಸಿ ಮೂಲಂಗಿ ಕಡಿಯುವ ನಮ್ಮ ಪದ್ಧತಿಯಲ್ಲಿ ಕಿಣ್ವ ಹಾಳಾಗುವ ಪ್ರಶ್ನೆಯೇ ಇಲ್ಲ.

ಕುಷ್ಟಗಿ ಕಡೆಯ ತೋಟಗಳ ದಾಳಿಂಬೆಯಲ್ಲಿರುವ ಎಲ್ಲಾಜಿಟ್ಯಾನಿನ್ ಎಂಬ ಅಂಶ ನೇರವಾಗಿ ಕೆಲಸ ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಯುರೋಲಿಥಿನ್ ಆಗಿ ಬದಲಿಸಬೇಕು, ಎಲ್ಲರ ಕರುಳಿನಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಹಣ್ಣು ತಿನ್ನಿ, ಸಕ್ಕರೆ ಕಾಯಿಲೆ ಇದ್ದರೆ ಜ್ಯೂಸ್ ಬೇಡ, ಸಿಪ್ಪೆಯ ಪುಡಿಗೆ ದುಡ್ಡು ಸುರಿಯಬೇಡಿ.

ರೊಟ್ಟಿ ಮತ್ತು ಕಾಳು

ನಮ್ಮ ಮೊದಲ ಅಳತೆಗೋಲಿಗೆ ಸರಿಯಾಗಿ ನಿಲ್ಲುವುದು ಯಾವ ಡಬ್ಬಿಯಲ್ಲೂ ಸಿಗದ ಬ್ಯುಟಿರೇಟ್. ನಾವು ಜೀರ್ಣಿಸಲಾರದ ನಾರು ಮತ್ತು ಪಿಷ್ಟ ದೊಡ್ಡಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಆರೋಗ್ಯವಂತ ಕೋಶಕ್ಕೆ ಅದೇ ಉರುವಲು, ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಸಕ್ಕರೆಗೆ ಒಗ್ಗಿಕೊಂಡಿರುವುದರಿಂದ ಬ್ಯುಟಿರೇಟನ್ನು ಅಷ್ಟಾಗಿ ಸುಡುವುದಿಲ್ಲ. ಉಳಿದದ್ದು ಕೋಶಕೇಂದ್ರದಲ್ಲಿ ಶೇಖರವಾಗಿ, ಮುಚ್ಚಿಕೊಂಡಿದ್ದ ಜೀನುಗಳನ್ನು ತೆರೆದು, ಕೋಶವನ್ನು ಅಪಾಪ್ಟೋಸಿಸ್ ಕಡೆಗೆ ತಳ್ಳುತ್ತದೆ. ಒಂದೇ ವಸ್ತು ಒಳ್ಳೆಯ ಕೋಶಕ್ಕೆ ಅನ್ನ, ಕೆಟ್ಟದ್ದಕ್ಕೆ ಸಾವು. ಲ್ಯಾಬಿನ ತಟ್ಟೆಯಲ್ಲಿ ಇದಕ್ಕೆ ಬೇಕಾದದ್ದು ಕೆಲವು ಮಿಲಿಮೋಲಾರ್ (ಒಂದು ಮಿಲಿಮೋಲಾರ್ ಅಂದರೆ ಸಾವಿರ ಮೈಕ್ರೋಮೋಲಾರ್), ದೊಡ್ಡಕರುಳಿನೊಳಗೆ ಸಹಜವಾಗಿ ಇರುವುದೂ 10ರಿಂದ 20 ಮಿಲಿಮೋಲಾರ್. ಕರ್ಕ್ಯುಮಿನ್ ರಕ್ತದಲ್ಲಿ ಮುಟ್ಟಲಾಗದ ಗೆರೆಯನ್ನು ಬ್ಯುಟಿರೇಟ್ ತಾನು ಹುಟ್ಟುವ ಜಾಗದಲ್ಲೇ ದಾಟುತ್ತದೆ.

2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಕಪ್ಪು ಜನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ, ಅಲ್ಲಿನವರಿಗೆ ಅಮೆರಿಕದ ಊಟ ಎರಡು ವಾರ ಬಡಿಸಿದರು. ದಿನಕ್ಕೆ 55 ಗ್ರಾಂ ನಾರು ತಿಂದವರಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಕರುಳಿನ ಕೋಶಗಳ ಅತಿಬೆಳವಣಿಗೆ ತಗ್ಗಿತು. ಊಟ ಕೆಡಿಸಿಕೊಂಡವರಲ್ಲಿ ಉಲ್ಟಾ ಆಯಿತು. ಬಹಳ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಕೂಡಿಸಿದಾಗ, ದಿನದ ನಾರು 10 ಗ್ರಾಂ ಹೆಚ್ಚಾದಂತೆ ಅಪಾಯ ಶೇಕಡಾ 10ರಷ್ಟು ಕಡಿಮೆ ಕಂಡಿದೆ.

ಇದರ ಮಿತಿಯನ್ನೂ ಹೇಳಲೇಬೇಕು. ಪಾಲಿಪ್ ತೆಗೆಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನಾಲ್ಕು ವರ್ಷ ಹೆಚ್ಚು ನಾರಿನ ಊಟ ಮಾಡಿಸಿದ ಪ್ರಯೋಗದ ಫಲಿತಾಂಶ 2000ದಲ್ಲಿ ಬಂತು. ಗಂಟು ಮರಳುವುದು ನಿಲ್ಲಲಿಲ್ಲ. ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ತೊಂದರೆ ಇರುವವರಿಗೆ ದಿನಕ್ಕೆ 30 ಗ್ರಾಂ ಜೀರ್ಣವಾಗದ ಪಿಷ್ಟ ಕೊಟ್ಟಾಗಲೂ ಕರುಳಿನ ಕ್ಯಾನ್ಸರ್ ಇಳಿಯಲಿಲ್ಲ. ಅದೇ ಪ್ರಯೋಗದಲ್ಲಿ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಇಳಿಯಿತು. ಅಂಥ ಮನೆತನದವರು ಆಸ್ಪಿರಿನ್ ವಿಚಾರವನ್ನು ವೈದ್ಯರ ಹತ್ತಿರವೇ ತೀರ್ಮಾನಿಸಬೇಕು, ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ. ನಾರು ಬದುಕಿನುದ್ದಕ್ಕೂ ತಿನ್ನುವವರಿಗೆ ರಕ್ಷಣೆ, ಹುಟ್ಟಿದ ಗಂಟನ್ನು ಕರಗಿಸುವ ಮದ್ದಲ್ಲ.

ಈಗ ಊಟದ ತಟ್ಟೆಯ ಲೆಕ್ಕ. ಗುರಿ ದಿನಕ್ಕೆ 30 ಗ್ರಾಂ ನಾರು. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 10 ಗ್ರಾಂ. ತಲಾ 60 ಗ್ರಾಂ ಹಿಟ್ಟಿನ ಮೂರು ರೊಟ್ಟಿಗೆ 18 ಗ್ರಾಂ ಬಂತು. 50 ಗ್ರಾಂ ಹೆಸರುಕಾಳಿನ ಪಲ್ಯಕ್ಕೆ 8 ಗ್ರಾಂ. ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಒಂದೆರಡು ಚಮಚ ಅಗಸಿ ಚಟ್ನಿ ಸೇರಿದರೆ 30 ತುಂಬಿತು. ಇದೇ ಜಾಗದಲ್ಲಿ 300 ಗ್ರಾಂ ಬಿಳಿ ಅಕ್ಕಿಯ ಅನ್ನ, ಬೇಳೆ ಸಾರು ಉಂಡರೆ 12 ಗ್ರಾಮಿನ ಆಸುಪಾಸು. ತುಂಗಭದ್ರಾ ಕಾಲುವೆಯ ನೀರು ಬಂದು ಗಂಗಾವತಿ, ಸಿಂಧನೂರು, ಸಿರುಗುಪ್ಪ ಭತ್ತದ ನಾಡಾದ ಮೇಲೆ ಎಷ್ಟೋ ಮನೆಗಳಲ್ಲಿ ಎರಡೂ ಹೊತ್ತು ಅನ್ನವೇ ಆಗಿದೆ. ಅನ್ನ ಬಿಡಬೇಕಿಲ್ಲ, ಒಂದು ಹೊತ್ತು ರೊಟ್ಟಿಗೆ ಮರಳಿದರೆ ಸಾಕು. ಹಿಟ್ಟನ್ನು ನಯವಾಗಲೆಂದು ಬಟ್ಟೆಯಲ್ಲಿ ಸೋಸಿದರೆ ನಾರು ಸೋಸಿದ ಹೊಟ್ಟಿನಲ್ಲೇ ಹೋಯಿತು. ಅಗಸಿಯನ್ನು ಪುಡಿ ಮಾಡಿಯೇ ತಿನ್ನಬೇಕು, ಇಡಿ ಬೀಜ ಹಾಗೇ ಹೊರಹೋಗುತ್ತದೆ.

ಒಮ್ಮೆಗೇ ಏರಿಸಬೇಡಿ. ವಾರಕ್ಕೆ 5 ಗ್ರಾಂನಂತೆ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆಯುಬ್ಬರ, ಗ್ಯಾಸಿಗೆ ಬೇಸತ್ತು ಎಂಟು ದಿನದಲ್ಲಿ ಬಿಟ್ಟುಬಿಡುತ್ತೀರಿ. ನೀರು ಕಡಿಮೆಯಾದರೆ ಇದೇ ನಾರು ಮಲಬದ್ಧತೆ ತರುತ್ತದೆ. ತಂಗಳನ್ನದಲ್ಲಿ ಜೀರ್ಣವಾಗದ ಪಿಷ್ಟ ಹೆಚ್ಚು ಎಂಬ ಮಾತಿದೆ. ಬಿಸಿ ಅನ್ನದಲ್ಲಿ 100 ಗ್ರಾಮಿಗೆ 0.6 ಗ್ರಾಂ ಇದ್ದದ್ದು ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟಾಗ 1.6 ಗ್ರಾಂ ಆಗುತ್ತದೆ, ಅಷ್ಟೇ. ಈ ಸಣ್ಣ ಲಾಭಕ್ಕಾಗಿ ರಾಯಚೂರಿನ ಮೇ ತಿಂಗಳ ರಾತ್ರಿ ಅನ್ನವನ್ನು ಹೊರಗಿಟ್ಟು ಬೆಳಿಗ್ಗೆ ತಿಂದರೆ ವಾಂತಿಭೇದಿಯ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಕೀಮೋದಿಂದ ಬಿಳಿ ರಕ್ತಕಣ ಇಳಿದವರಿಗೆ ತಂಗಳು ಬೇಡವೇ ಬೇಡ.

ಲಕ್ಷ್ಮಣಫಲ

ಇದನ್ನು ನಾವು ಪಟ್ಟಿಯಿಂದ ತೆಗೆಯುತ್ತೇವೆ. ಎಲೆಯಲ್ಲೂ ಹಣ್ಣಿನಲ್ಲೂ ಇರುವ ಅನೋನಾಸಿನ್ ಮೈಟೋಕಾಂಡ್ರಿಯಾದ ಉಸಿರು ಕಟ್ಟಿಸಿ ಕೋಶವನ್ನು ಕೊಲ್ಲುತ್ತದೆ, ನರಕೋಶಗಳನ್ನೂ ಬಿಡುವುದಿಲ್ಲ. ಈ ಜಾತಿಯ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸುವ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ, ಔಷಧಕ್ಕೆ ಬಗ್ಗದ ನಡುಕದ ಕಾಯಿಲೆ ಅದಕ್ಕೆ ತಳಕು ಹಾಕಿಕೊಂಡಿರುವುದು 1999ರಲ್ಲಿ ವರದಿಯಾಯಿತು. ಯಾವಾಗಲೋ ಒಂದು ಹಣ್ಣು ತಿಂದವರು ಹೆದರಬೇಕಿಲ್ಲ. ದಿನವೂ ಎಲೆ ಕುದಿಸಿ ಕುಡಿಯುವುದನ್ನು ಇಂದೇ ನಿಲ್ಲಿಸಿ.

ಸಸ್ಯದಿಂದ ಬಂದು ನಿಜವಾಗಿ ಔಷಧವಾದದ್ದು

“ಗಿಡಮೂಲಿಕೆ ಬೇಕು, ಕೀಮೋ ಬೇಡ” ಅನ್ನುವವರಿಗೆ ಇದು ಗೊತ್ತಿರಬೇಕು. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೋಟೆಕಾನ್ ಎಂಬ ಕೀಮೋ ಔಷಧ ಮೂಲದಲ್ಲಿ ಸಸ್ಯದ್ದೇ. ಚೀನಾದ ಮರವೊಂದರಿಂದ ಕ್ಯಾಂಪ್ಟೋಥೆಸಿನ್ ಎಂಬ ಅಂಶವನ್ನು 1966ರಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದರು. ನಮ್ಮ ಪಶ್ಚಿಮಘಟ್ಟದ ಒಂದು ಮರದಲ್ಲೂ ಅದು ಇದೆ. ಕೋಶ ವಿಭಜನೆಯಾಗುವಾಗ ಡಿಎನ್ಎ ಎಳೆಯ ತಿರುಚು ಬಿಡಿಸುವ ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆ, ಎಳೆ ತುಂಡಾಗಿ ಕೋಶ ಅಪಾಪ್ಟೋಸಿಸಿಗೆ ಇಳಿಯುತ್ತದೆ. ಮೂಲ ರೂಪದಲ್ಲೇ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಬರುವಷ್ಟು ವಿಷವಾಯಿತು. ರಸಾಯನವನ್ನು ತಿದ್ದಿ, ಪ್ರಮಾಣ ಕಂಡುಹಿಡಿದು, ಅಮೆರಿಕದಲ್ಲಿ ಒಪ್ಪಿಗೆ ಸಿಗುವಾಗ 1996 ಆಗಿತ್ತು. ಮೂವತ್ತು ವರ್ಷ ಹಿಡಿದದ್ದು ಅಡಗಿದ್ದ ಬಲ ಮತ್ತು ವಿಷವನ್ನು ಬೇರೆ ಮಾಡಲು. ಆ ಅಳತೆ ಕಷಾಯದ ಲೋಟದಲ್ಲಿ ಸಿಗುವುದಿಲ್ಲ.

ಇರಿನೋಟೆಕಾನಿಗೂ ಗಿಡಮೂಲಿಕೆಗೂ ಜಗಳ ಆಗುವುದು ಲೆಕ್ಕಕ್ಕೆ ಸಿಕ್ಕಿದೆ. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಜೊತೆಗೆ ಕೊಟ್ಟಾಗ ರಕ್ತದಲ್ಲಿ ಔಷಧದ ಸಕ್ರಿಯ ರೂಪ ಶೇಕಡಾ 42ರಷ್ಟು ಕುಸಿಯಿತು. ಕೀಮೋ ಹಾಕಿಸಿಕೊಂಡೂ ಅರ್ಧ ಹಾಕಿಸಿಕೊಂಡಂತೆ.

ಯಾರಿಗೆ ಏನು

ಮನೆತನದಲ್ಲಿ ಇದ್ದು ತಮಗೆ ಏನೂ ಇಲ್ಲದವರು ದುಡ್ಡನ್ನು ಕೊಲೊನೊಸ್ಕೋಪಿಗೆ, ಅಂದರೆ ಕ್ಯಾಮೆರಾ ಹಾಕಿ ದೊಡ್ಡಕರುಳು ನೋಡುವ ಪರೀಕ್ಷೆಗೆ ಇಡಿ. ತಂದೆ, ತಾಯಿ, ಒಡಹುಟ್ಟಿದವರಿಗೆ ಬಂದಿದ್ದರೆ 40ನೇ ವಯಸ್ಸಿಗೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ. ಊಟದಲ್ಲಿ ರೊಟ್ಟಿ, ಕಾಳು. ಕ್ಯಾಪ್ಸೂಲ್ ಬೇಡ. ಪಾಲಿಪ್ ತೆಗೆಸಿಕೊಂಡವರಿಗೂ ಇದೇ ಊಟ, ಆದರೆ ವೈದ್ಯರು ಬರೆದ ದಿನಕ್ಕೆ ಮರುಪರೀಕ್ಷೆ ತಪ್ಪಬಾರದು. ಪರೀಕ್ಷೆಗೆ ಮೂರು ದಿನ ಮೊದಲು ಅಗಸಿ, ದಾಳಿಂಬೆ, ಪೇರಲ, ಇಡಿ ಕಾಳು ನಿಲ್ಲಿಸಿ. ಬೀಜ ಉಳಿದರೆ ಕ್ಯಾಮೆರಾಕ್ಕೆ ಸಣ್ಣ ಗಂಟು ಕಾಣುವುದಿಲ್ಲ.

ಕೀಮೋದಲ್ಲಿರುವವರಿಗೆ ನಮ್ಮ ಮಾತು ಬಿಗಿಯಾದದ್ದು. ಅಡುಗೆಯ ಪ್ರಮಾಣದಲ್ಲಿ ಅರಿಸಿನ, ಬಳ್ಳೊಳ್ಳಿ ಇರಲಿ, ಸಾರ ತೆಗೆದ ಮಾತ್ರೆಗಳು ಪೂರ್ತಿ ಬಂದ್. 28 ರೋಗಿಗಳ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ ಕೀಮೋ ಜೊತೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ಸುರಕ್ಷಿತ ಎಂದು ಕಂಡಿದ್ದಾರೆ, ಅದು ವೈದ್ಯರ ಕಣ್ಣಮುಂದೆ, ಪರೀಕ್ಷಿಸಿದ ಡಬ್ಬಿಯಿಂದ. ಕೆಪಸಿಟಬಿನ್ ಎಂಬ ಕೀಮೋ ಮಾತ್ರೆ ನುಂಗುವವರು ಫೋಲಿಕ್ ಆಸಿಡ್ ಇರುವ ಶಕ್ತಿಮಾತ್ರೆಯನ್ನು ತಾವಾಗಿ ಸೇರಿಸಿಕೊಂಡರೆ ಭೇದಿ, ಬಾಯಿಹುಣ್ಣು ಜೋರಾಗಬಹುದು. ಇರಿನೋಟೆಕಾನಿನಿಂದ ಭೇದಿ ಶುರುವಾದ ದಿನಗಳಲ್ಲಿ ರೊಟ್ಟಿ, ಕಾಳು, ಸೊಪ್ಪು ಬಿಟ್ಟು ಗಂಜಿ, ಮೆತ್ತನೆಯ ಅನ್ನಕ್ಕೆ ಬನ್ನಿ. ತ್ರಿಫಲ, ಸೋನಾಮುಖಿಯಂಥ ಭೇದಿಯ ಪುಡಿ ಹತ್ತಿರ ತರಬೇಡಿ. ಭೇದಿಯ ಜೊತೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಗಡ್ಡೆಯಿಂದ ಕರುಳು ಕಿರಿದಾಗಿರುವವರಿಗೆ, ಹೊಸದಾಗಿ ಆಪರೇಷನ್ ಆದವರಿಗೆ, ಹೊಟ್ಟೆಗೆ ಮಲದ ಚೀಲ ಹಾಕಿಸಿಕೊಂಡ ಮೊದಲ ವಾರಗಳಲ್ಲಿ ನಾರೇ ಶತ್ರು, ಕರುಳು ಕಟ್ಟಿಬಿಡುತ್ತದೆ. ಶಸ್ತ್ರಚಿಕಿತ್ಸಕರು ಹೇಳಿದ ಮೇಲೆಯೇ ರೊಟ್ಟಿ, ಅದೂ ಹಾಲಿನಲ್ಲೋ ಸಾರಿನಲ್ಲೋ ನೆನೆಸಿ. ಆಪರೇಷನ್ ದಿನ ಗೊತ್ತಾದರೆ ಬಳ್ಳೊಳ್ಳಿ, ಅರಿಸಿನದ ಮಾತ್ರೆಗಳನ್ನು ಕನಿಷ್ಠ ಒಂದು ವಾರ ಮೊದಲು ನಿಲ್ಲಿಸಿ, ರಕ್ತ ಹೆಪ್ಪುಗಟ್ಟುವುದನ್ನು ಅವು ನಿಧಾನಿಸುತ್ತವೆ. ಚಿಕಿತ್ಸೆ ಮುಗಿಸಿದವರು ಮೊದಲ ಗುಂಪಿನ ಊಟಕ್ಕೆ ನಿಧಾನವಾಗಿ ಮರಳಬಹುದು.

ಮಲದಲ್ಲಿ ರಕ್ತ ಬಂದರೆ ನಮ್ಮಲ್ಲಿ ಎಲ್ಲರೂ ಹೇಳುವುದು ಮೂಲವ್ಯಾಧಿ. ಆ ಹೆಸರಿನಲ್ಲಿ ಪುಡಿ, ಲೇಪ ಮಾಡಿಕೊಂಡು ವರ್ಷ ಕಳೆದರೆ ಗಂಟು ಕ್ಯಾನ್ಸರಾಗಿ ಗೋಡೆ ದಾಟುತ್ತದೆ. ರಕ್ತದ ಜೊತೆ ಮಲದ ರೂಢಿ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಗಂಡಸರಿಗೆ ಹಿಮೋಗ್ಲೋಬಿನ್ ಕಡಿಮೆ ಬಂದಿದ್ದರೆ ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಮುನ್ನ ಇಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳ ಜೊತೆ ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಪುಡಿ, ಕಷಾಯ, ಕ್ಯಾಪ್ಸೂಲಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ.